ರಸ್ತೆ ಬದಿಯ ಹಳದಿ ಪಟ್ಟಿ

ಕೋರ್ದೋಬಾ ಸೀಮೆಯ ಆ ಭಾಗದಲ್ಲಿ ಸೋಯಾ ಬೆಳೆಯುವುದರಲ್ಲಿ ನಸರೇನೋನನ್ನು ಮೀರಿಸುವವರಿರಲಿಲ್ಲ. ಈ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದ್ದವನೂ ಅವನೇ. ಹಾಗಾಗಿ ರೈತರ ಗುಂಪು ನೇಮಿಸಿಕೊಂಡಿದ್ದ ಕೃಷಿ ತಜ್ಞೆ ಐಲೆನ್ ಬಂದು, "ಹೊಲದಲ್ಲಿ ಆರು ಪಟ್ಟಿ ಮಾಡೋಣ. ಮೂರಕ್ಕೆ ಗಂಧಕದ ಗೊಬ್ಬರ ಹಾಕೋಣ, ಮೂರಕ್ಕೆ ಬೇಡ. ಕೊಯ್ಲಲ್ಲಿ ತೂಗಿ ನೋಡೋಣ" ಎಂದಾಗ ಧಾರಾಳವಾಗಿ ಒಪ್ಪಿದ. ಗಂಧಕವಿಲ್ಲದ ಆರನೇ ಪಟ್ಟಿ ಸರಿಯಾಗಿ ರಸ್ತೆ ಬದಿಗೇ ಬರುತ್ತದೆಂದು ಪುಣ್ಯಾತ್ಮನಿಗೆ ಆಗ ಹೊಳೆಯಲಿಲ್ಲ.

ಡಿಸೆಂಬರಿನಲ್ಲಿ ಆ ಪಟ್ಟಿ ಹಳದಿಗೆ ತಿರುಗಿತು. ನೆರೆಹೊಲದ ಒರೆಸ್ತೆ ದಿನಾ ಪಿಕಪ್ ನಿಧಾನಿಸಿ ತಲೆ ಹೊರಗೆ ಹಾಕುತ್ತಿದ್ದ.

"ಏನ್ ಯಜಮಾನ್ರೇ, ದೋನ್ ನಸರೇನೋ, ಈ ಸಲ ನಿಂಬೆಹಣ್ಣು ಬೆಳೀತಿದ್ದೀರಾ?"

ನಸರೇನೋಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಮಧ್ಯಾಹ್ನದ ಊಟವಾಗಿ ಊರಿಗೆ ಊರೇ ಕಿಟಕಿ ಮುಚ್ಚಿ ಮಲಗಿದ್ದಾಗ, ಅವನೊಬ್ಬನೇ ಎದ್ದು ಹೋಗಿ ಆರನೇ ಪಟ್ಟಿಗೂ ಗಂಧಕ ಎರಚಿ ಬಂದ. ಮಳೆ ಬಿತ್ತು, ಪಟ್ಟಿ ಹಸಿರಾಯಿತು, ಒರೆಸ್ತೆಯ ಬಾಯಿಗೆ ಬೀಗ ಬಿತ್ತು. ಎಲ್ಲ ಮಳೆಯ ಮಹಿಮೆ ಎಂದುಕೊಂಡಳು ಐಲೆನ್.

ಏಪ್ರಿಲ್‌ನಲ್ಲಿ ಕೊಯ್ಲು. ಗುಂಪಿನ ಹನ್ನೆರಡು ಮಂದಿ ರೈತರೂ ತೂಕದ ಗಾಡಿಯ ಸುತ್ತ ನಿಂತಿದ್ದರು. ತಿಂಗಳಿಗೊಮ್ಮೆ ಒಬ್ಬರ ಹೊಲದಲ್ಲಿ ಸೇರಿ, ಮಾಟೆ ಕಷಾಯದ ಸೋರೆಬುರುಡೆಯನ್ನು ಕೈಯಿಂದ ಕೈಗೆ ದಾಟಿಸುತ್ತ, ಹೊಲದವನ ತಪ್ಪನ್ನು ಅವನ ಮುಖಕ್ಕೇ ಹೇಳುವುದು ಅವರ ಪದ್ಧತಿ. ಪ್ರಯೋಗ ಮುಂದುವರಿಸುವುದೋ ಬಿಡುವುದೋ ಅಂದೇ ತೀರ್ಮಾನ. ಬಿಟ್ಟರೆ ಐಲೆನ್‌ಳ ಕೆಲಸವೂ ಹೋದಂತೆ.

ಗಂಧಕ ಹಾಕಿದ ಮೂರು ಪಟ್ಟಿ ಹೆಕ್ಟೇರಿಗೆ ಮೂವತ್ತೆಂಟು ಕ್ವಿಂಟಾಲ್ ಆಸುಪಾಸು ಕೊಟ್ಟವು. ಹಾಕದ ಎರಡು, ಮೂವತ್ತನಾಲ್ಕು. ಆರನೆಯದು ಮೂವತ್ತೆಂಟೂವರೆ.

"ಹಾಕ್ದೇ ಇದ್ದಿದ್ದೇ ಎಲ್ಲಕ್ಕಿಂತ ಮುಂದೆ! ಹಂಗಾದ್ರೆ ಗಂಧಕ ಯಾಕ್ ಬೇಕು?" ಎಂದ ಒರೆಸ್ತೆ.

ಐಲೆನ್‌ಳ ಮುಖ ಸಣ್ಣಗಾಯಿತು. "ಗುರುತಿನ ಬಾವುಟ ನೆಡೋವಾಗ ನಾನೇ ಅದಲುಬದಲು ಮಾಡಿರ್ಬೇಕು. ತಪ್ಪು ನಂದೇ."

ನಸರೇನೋ ಮಾಟೆಯ ಬುರುಡೆಯನ್ನು ಪಕ್ಕದವನ ಕೈಗಿಟ್ಟು ಮುಂದೆ ಬಂದ.

"ನಿಂದಲ್ಲ ಮಗಳೇ, ನಂದು. ಎಲ್ರೂ ಮಲಗಿದ್ದಾಗ ನಾನೇ ಹೋಗಿ ಎರಚಿದ್ದೆ. ಈ ಒರೆಸ್ತೆ ದಿನಾ ಆಡ್ಕೋತಿದ್ದ, ತಡ್ಕೊಳ್ಳೋಕಾಗ್ಲಿಲ್ಲ."

ರೈತರೆಲ್ಲ ಬಿದ್ದು ಬಿದ್ದು ನಕ್ಕರು. ಐಲೆನ್ ನಗಲಿಲ್ಲ, ಪುಸ್ತಕದಲ್ಲಿ ಆರನೇ ಪಟ್ಟಿಯ ಮೇಲೆ ಗೆರೆ ಎಳೆದಳು.

"ಉಳಿದ ಐದು ಒಳ್ಳೇದನ್ನೇ ಹೇಳ್ತಿವೆ, ಆದ್ರೆ ನಂಬೋಕೆ ಇನ್ನೊಂದು ವರ್ಷ ಬೇಕು. ಇದನ್ನ ಕೈಬಿಟ್ಟಿದ್ದಕ್ಕೆ ಕಾರಣ ಏನಂತ ಬರೀಲಿ, ದೋನ್ ನಸರೇನೋ?"

"ನಾಚಿಕೆ ಅಂತ ಬರಿ."

ಅವಳು ಹಾಗೆಯೇ ಬರೆದಳು. ಅದನ್ನು ಕಂಡು ಮೊದಲು ನಗು ನಿಲ್ಲಿಸಿದವನು ಒರೆಸ್ತೆ.

"ಬರೋ ವರ್ಷ ನನ್ ಹೊಲದಲ್ಲೂ ಮಾಡಮ್ಮ. ಗಂಧಕ ಹಾಕದ ಪಟ್ಟಿ ರಸ್ತೆ ಬದಿಗೇ ಇರ್ಲಿ."

"ಇವನೊಬ್ಬನಿಗೇ ಯಾಕೆ? ನನ್ ಹೊಲ ಇನ್ನೂ ದೊಡ್ಡ ರಸ್ತೇಲಿದೆ!" ಎಂದ ಮತ್ತೊಬ್ಬ.

ಹಳದಿ ಪಟ್ಟಿ ನನಗಿರಲಿ, ನನಗಿರಲಿ ಎಂದು ರೈತರು ಕಿತ್ತಾಡುವುದನ್ನು ನಸರೇನೋ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅವನಿಗೆ ಕಣ್ಣು ತುಂಬಿ ಬಂತು.