ಗಾಜಿನ ಕಿಂಡಿಯ ಡಬ್ಬಿ

ಇದನ್ನು ಕೊನೆಯವರೆಗೆ ಕೇಳಿ. ಲಾರಿ, ಎಣ್ಣೆ, ಡಬ್ಬಿ ಎಂದ ಕೂಡಲೇ ನಮಗೇಕೆ ಎಂದು ಎದ್ದು ಹೋಗಬೇಡಿ. ಅವತ್ತು ಹೊಸಪೇಟೆಯ ಸಂಡೂರು ರಸ್ತೆಯ ಶೆಡ್ಡಿನಲ್ಲಿ ಮೆಕ್ಯಾನಿಕ್ ಪಂಪೇಶನೂ ಇದು ಬರೀ ಡಬ್ಬಿಯ ವಿಷಯ ಎಂದೇ ತಿಳಿದಿದ್ದ.

"ಹಾಕ್ಬೇಕೋ ಬ್ಯಾಡೋ, ಅದನ್ನಷ್ಟ ಹೇಳು," ಎಂದಳು ದುರ್ಗಕ್ಕ. ಟಿಪ್ಪರ್ ಅವಳದು. ಗಂಡ ತೀರಿಕೊಂಡ ಮೇಲೆ ಆರು ವರ್ಷ ವಡ್ಡು ಎಂಬ ಊರಿನ ಮನೆಯಿಂದ ಗಣಿ, ಅದಿರನ್ನು ರೈಲಿಗೆ ತುಂಬುವ ಸೈಡಿಂಗು, ಗ್ಯಾರೇಜು ಎಂದು ಆ ಗಾಡಿಯ ಹಿಂದೆ ಓಡಾಡಿ ಅವಳ ದನಿಯೇ ಸವೆದುಹೋಗಿತ್ತು. "ಇಂಗ್ಲೀಷಿನ್ಯಾಗ ಹೇಳಬ್ಯಾಡ. ಮುಂಜಾನಿಂದ ತಲಿ ಸಿಡ್ಯಾಕತ್ತೈತಿ."

ಪಂಪೇಶ್ ಡಬ್ಬಿಯನ್ನು ಅಂಗೈ ಮೇಲೆ ಕೂರಿಸಿ ತೋರಿಸಿದ. ಚೊಂಬಿನಷ್ಟು ದೊಡ್ಡ ಅಲ್ಯೂಮಿನಿಯಂ ಡಬ್ಬಿ, ಪಕ್ಕದಲ್ಲಿ ಉದ್ದನೆಯ ಗಾಜಿನ ಕಿಂಡಿ. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಅದರ ಮೇಲೆ ಅವನಿಗೆ ಮನಸ್ಸಾಗಿತ್ತು.

"ಅಕ್ಕಾ, ಇಂಜಿನ್ ಉಸಿರು ಬಿಡ್ತೈತಿ ನೋಡ್ರಿ, ಆ ಹೊಗಿಯಾಗ ಎಣ್ಣಿ ಇರ್ತೈತಿ. ಅದು ಪೈಪಿನಾಗಿಂದ ಇಂಜಿನ್ನಿಗೆ ಗಾಳಿ ಒತ್ತೋ ಟರ್ಬೋಕ್ಕ ಹೋಗಿ ಒಳಗೆಲ್ಲಾ ಜಿಡ್ಡು ಹಿಡಸ್ತೈತಿ. ನಡುವ ಈ ಡಬ್ಬಿ ಕುಂದ್ರಿಸಿದ್ರ ಎಣ್ಣಿ ಇದರಾಗ ಇಳಿತೈತಿ, ಕಿಂಡ್ಯಾಗ ಕಾಣ್ತೈತಿ. ತುಂಬಿದ್ರ ಚೆಲ್ಲಿದ್ರಾತು. ಭಾಳ ಮಸ್ತ್ ಐಟಂ!"

"ಎಷ್ಟು ದಿನಕ್ಕ ತುಂಬ್ತೈತಿ?"

"ಇಂಜಿನ್ ಚಲೋ ಇದ್ರ ತಿಂಗಳಾದ್ರೂ ತಳ ಮುಚ್ಚಂಗಿಲ್ಲ. ವಾರದಾಗ ತುಂಬಿತಂದ್ರ ಇಂಜಿನ್ ಮುಗೀತು ಅಂತ ತಿಳ್ಕೋರಿ."

"ಹಂಗಾದ್ರ ಹಾಕು. ಗೊತ್ತರ ಆಗ್ಲಿ. ಇಂಜಿನ್ ಕೆಲಸ ಅಂತ ಬಂದ್ರ ನಾ ಮತ್ತ ಬಿಚ್ಚಸಂಗಿಲ್ಲ, ಮಾರಿಬಿಡ್ತೀನಿ. ಸಾಕಾಗೈತಿ ನನಗ."

ಡ್ರೈವರ್ ಮುದುಕಪ್ಪ ಮುಂದಿನ ಟೈರಿಗೆ ಒರಗಿ ಕೂತಿದ್ದ. ಅದಿರಿನ ಕೆಂಪು ಧೂಳು ಅವನ ಹುಬ್ಬಿನಲ್ಲೂ ಕಿವಿಯ ಮಡಿಕೆಗಳಲ್ಲೂ ಕೂತು ಎಷ್ಟೋ ವರ್ಷಗಳಾಗಿದ್ದವು. "ಬ್ಯಾಡ್ರಿ ಅಕ್ಕಾರ," ಎಂದ. "ಬೇಕಿದ್ರ ಕಂಪನಿಯವ್ರಾ ಹಾಕಿ ಕೊಡ್ತಿದ್ದಿಲ್ಲೇನು? ಈ ಪಂಪ್ಯಾನ ಮಾತು ಕೇಳಿದ್ರ ನಾಳೆ ಗಾಡಿಗೆ ರೆಕ್ಕಿನೂ ಕಟ್ತಾನ."

"ನಿನಗ ಹಲ್ಲು ಕಟ್ಟಿಸ್ತೀನಿ ಕಾಕಾ, ಸುಮ್ನಿರು."

ದುರ್ಗಕ್ಕ ನಗಲಿಲ್ಲ. ಸೈಡಿಂಗಿನಿಂದ ಫೋನು ಬಂದಿತ್ತು. ಗಾಡಿ ಎಲ್ಲಿ ಎಂದು ಆ ಕಡೆಯವರು ಕೂಗುತ್ತಿದ್ದುದು ಇವರಿಗೂ ಕೇಳಿಸಿತು. ಅವಳು ಕಿವಿಯಿಂದ ಫೋನನ್ನು ಸ್ವಲ್ಪ ದೂರ ಹಿಡಿದು ರಸ್ತೆಯಾಚೆಯ ಬೇವಿನ ನೆರಳಿಗೆ ನಡೆದಳು.

ಪಂಪೇಶ್ ಕ್ಯಾಬಿನ್ನನ್ನು ಮುಂದಕ್ಕೆ ಬಾಗಿಸಿ ಉಸಿರು ಪೈಪಿನ ಜಾಡು ಹಿಡಿದ. ಅದು ಟರ್ಬೋಗೆ ಹೋಗಿರಲೇ ಇಲ್ಲ. ಅಲ್ಲಿನ ಬಾಯಿಗೆ ಹಳೇ ಟ್ಯೂಬಿನ ರಬ್ಬರು ತುರುಕಿತ್ತು. ಪೈಪು ಚಾಸಿಯ ಹಿಂದೆ ಕೆಳಕ್ಕೆ ತಿರುಗಿ, ತಂತಿಯಿಂದ ಕಟ್ಟಿದ ಒಂದು ನೀರಿನ ಬಾಟಲಿಯೊಳಗೆ ಇಳಿದಿತ್ತು. ಬಾಟಲಿ ಅರ್ಧ ತುಂಬಿತ್ತು: ಹಾಲು ಹೆಚ್ಚಾದ ಚಹಾದ ಬಣ್ಣದ ಎಣ್ಣೆ.

"ಕಾಕಾ. ಏನಿದು?"

ಮುದುಕಪ್ಪ ಮೊಣಕಾಲಿಗೆ ಕೈಯೂರಿ ಎದ್ದು ಬಂದ. "ಸಣ್ಣಕ ಮಾತಾಡು."

"ಯಾವಾಗ ಕಟ್ಟಿದ್ದು?"

"ಹನ್ನೊಂದು ತಿಂಗಳಾತು. ಹೊಗಿ ಬರಾಕತ್ತಿತ್ತು. ನಿನ್ನೆ ಸಂಜೀಕ ಖಾಲಿ ಮಾಡೀನಿ."

"ನಿನ್ನೆ ಸಂಜೀಕಾ?" ಪಂಪೇಶ್ ಬಾಟಲಿಯನ್ನು ಮತ್ತೊಮ್ಮೆ ನೋಡಿದ. "ಖಾಲಿ ಮಾಡಿ ಎಲ್ಲಿ ಚೆಲ್ತಿ?"

"ಚೆಲ್ಲೋದ್ಯಾಕ? ಇಂಜಿನ್ ಎಣ್ಣಿ ಇಂಜಿನ್ನಿಗೇ ಹೊಯ್ತೀನಿ."

"ಅಯ್ಯ ಕಾಕಾ! ನೀರು ಕೂಡೈತಿ ಅದ್ರಾಗ. ಇದನ್ನ ಕುಡಿಸಿ ಕುಡಿಸಿ ಇರೋ ಇಂಜಿನ್ನೂ ನೀನಾ ತಿಂದಿ."

"ಸೋಸ್ತಿದ್ದೆಲ್ಲೋ," ಎಂದ ಮುದುಕಪ್ಪ. "ಬಿಳೇ ಪಂಚಿ ಹರದು, ಎರಡು ಮಡಿಕಿ ಮಾಡಿ ಸೋಸ್ತಿದ್ದೆ."

ಪಂಪೇಶ್ ಬಾಟಲಿಯ ತಂತಿಗೆ ಕೈ ಹಾಕಿದ.

"ಗಾಡಿ ಮಾರಿದ್ರ ಐವತ್ತೆಂಟು ವರ್ಷದವಂಗ ಯಾವ ಓನರ್ ಸ್ಟೇರಿಂಗ್ ಕೊಡ್ತಾನ?" ಮುದುಕಪ್ಪ ರಸ್ತೆಯಾಚೆ ನೋಡುತ್ತಲೇ ಕೇಳಿದ. "ಹಿಟಾಚಿ ಕಾಯೋ ವಾಚ್‌ಮನ್ ಕೆಲಸಕ್ಕೂ ಈಗ ಹುಡುಗರನ್ನ ಕೇಳ್ತಾರ."

ಪಂಪೇಶ್ ಬಾಟಲಿ ಬಿಚ್ಚಿ, ಪೈಪನ್ನು ಒರೆಸಿ, ಡಬ್ಬಿಯನ್ನು ಚಾಸಿಗೆ ಕೂರಿಸಿದ. ಎರಡು ಬೋಲ್ಟು. ಬಿಗಿಯುವ ಮೊದಲು ಕಿಂಡಿಯನ್ನು ಒಳಗಡೆ ತಿರುಗಿಸಿದ. "ಹೊರಗ ನಿಂತವ್ರಿಗೆ ಕಾಣಂಗಿಲ್ಲ. ನೀನಾ ಬಗ್ಗಿ ನೋಡು, ನೀನಾ ಚೆಲ್ಲು. ವಾಪಸ್ ಮಾತ್ರ ಹೊಯ್ಬ್ಯಾಡ, ನಿನ್ನ ಕಾಲಿಗೆ ಬೀಳ್ತೀನಿ."

ಮುದುಕಪ್ಪ ಸೊಂಟಕ್ಕೆ ಕೈಕೊಟ್ಟು ಬಗ್ಗಿದ. ಕಾಣಲಿಲ್ಲ. ಇನ್ನಷ್ಟು ಬಗ್ಗಿ, ಕೆನ್ನೆಯನ್ನು ಟೈರಿಗೆ ಒತ್ತಿ ನೋಡಿದ. ಮೇಲೇಳಲು ಬಹಳ ಹೊತ್ತಾಯಿತು.

"ಹೊರಗ ತಿರುಗಿಸೋ ತಮ್ಮ."

"ಏನಂದಿ?"

"ಕಿಂಡಿ. ದಿನಾ ಬಗ್ಗೋದು, ಬಚ್ಚಿಡೋದು. ನನ್ನ ಹೆಣ್ತಿಗೂ ಹೇಳಿಲ್ಲ ನಾ. ಲೋಡ್ ಹಾಕ್ಕೊಂಡು ಘಾಟಿ ಏರುವಾಗೆಲ್ಲಾ ಈ ಬಾಟ್ಲೀನಾ ಕಣ್ಮುಂದ ಬರ್ತೈತಿ. ಇನ್ನ ನನ್ನ ಕೈಲಿ ಆಗವಲ್ದು."

"ವಾರ ಎಲ್ಲೀದು, ಎರಡು ದಿನದಾಗ ತುಂಬ್ತೈತಿ ಕಾಕಾ. ಆಮ್ಯಾಲ ಏನ್ಮಾಡ್ತಿ?"

"ತುಂಬ್ಲಿ."

ದುರ್ಗಕ್ಕ ರಸ್ತೆ ದಾಟಲು ಎರಡು ಅದಿರು ಲಾರಿಗಳನ್ನು ಮುಂದೆ ಬಿಟ್ಟು ಕಾಯುತ್ತಿದ್ದಳು. ಪಂಪೇಶನ ಕೈಯಲ್ಲಿ ಪಾನಾ ಇತ್ತು. ಬೋಲ್ಟು ಸಡಿಲಿಸಿ, ಡಬ್ಬಿಯನ್ನು ಹೊರಕ್ಕೆ ತಿರುಗಿಸಿ, ಬಿಗಿದ. ಕ್ಯಾಬಿನ್ ಇಳಿಸಿದ.

"ಇಷ್ಟಾ?" ಎಂದಳು ದುರ್ಗಕ್ಕ. "ನಿಂತಲ್ಲೇ ಕಾಣ್ತೈತಲ್ಲ. ಚಲೋ ಆತು, ದಿನಾ ನಾನಾ ನೋಡ್ತೀನಿ. ಮುದುಕಪ್ಪಣ್ಣ, ಹೊಂಡಪಾ, ಜಲ್ದಿ."

ಮುದುಕಪ್ಪ ಹಿಡಿಕೆ ಹಿಡಿದು ಮೇಲೆ ಹತ್ತಿ ಇಂಜಿನ್ ಚಾಲೂ ಮಾಡಿದ. ದುರ್ಗಕ್ಕ ಆಗಲೇ ಬೆನ್ನು ತಿರುಗಿಸಿ ಫೋನಿನಲ್ಲಿ, "ಹೊಂಟೈತ್ರಿ, ಹೊಂಟೈತಿ," ಎನ್ನುತ್ತಿದ್ದಳು. ಸ್ವಚ್ಛವಾಗಿದ್ದ ಗಾಜಿನ ಒಳಗೆ ಒಂದು ಹನಿ ಕಾಣಿಸಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ನಿಧಾನಕ್ಕೆ ಕೆಳಗಿಳಿಯಿತು.

ಈಗ ನೀವು ಹೇಳಿ. ಪಾನಾ ನಿಮ್ಮ ಕೈಯಲ್ಲಿದ್ದಿದ್ದರೆ, ಆ ಕಿಂಡಿಯನ್ನು ಯಾವ ಕಡೆಗೆ ಇಟ್ಟು ಬಿಗಿಯುತ್ತಿದ್ದಿರಿ?