ಹಿಂದಿನ ಕೋಣೆಯ ಚಿಲಕ

ಆ ಮನೆಗೆ ಯಾರಾದರೂ ನೆಂಟರು ಬಂದರೆ ಮೊದಲು ಚಪ್ಪಲಿಗಳನ್ನು ಸಾಲಾಗಿ ಜೋಡಿಸಬೇಕು, ಆಮೇಲೆ ಗುಬ್ಬಿಯನ್ನು ಹಿಂದಿನ ಕೋಣೆಗೆ ಕಳಿಸಿ ಚಿಲಕ ಹಾಕಬೇಕು. ಏಳು ವರ್ಷದ ಗುಬ್ಬಿಗೆ ಆಟಿಸಂ. ಬಾಯಿಬಿಟ್ಟು ಒಂದು ಮಾತೂ ಆಡಿದವಳಲ್ಲ. ಹೊರಗೆ ತಿಳಿದರೆ ಮನೆತನದ ಮಾನ ಹೋಗುತ್ತದೆಂದು ಅವಳ ಅಜ್ಜಿಗೆ ಭಯ. ಬೀದಿಗೆಲ್ಲ ಗೊತ್ತಿದ್ದ ಗುಟ್ಟನ್ನು ಪಾಪ, ಅವರೊಬ್ಬರೇ ಕಾಪಾಡುತ್ತಿದ್ದರು.

ಗುಬ್ಬಿಯ ತಾಯಿ ಬಟ್ಟೆ ಹೊಲಿಯುವವಳು. ಬೀದಿಯಲ್ಲಿ ಯಾರ ಮಗು 'ಅಮ್ಮಾ' ಎಂದು ಕೂಗಿದರೂ ಹೊಲಿಗೆ ಯಂತ್ರ ತುಳಿಯುವ ಅವಳ ಕಾಲು ನಿಂತುಬಿಡುತ್ತಿತ್ತು. ಗುಬ್ಬಿ ತನ್ನನ್ನೂ ಒಮ್ಮೆ ಹಾಗೆ ಕರೆಯಬಾರದೇ ಎಂದು ಹಂಬಲಿಸುತ್ತಿದ್ದಳು.

ಶಾಲೆಯ ಟೀಚರ್ ಒಂದು ಟ್ಯಾಬ್ ಕೊಟ್ಟರು. ಪರದೆಯ ಮೇಲೆ ನೀರಿನ ಲೋಟ, ತಟ್ಟೆ, ಬಾಗಿಲು, ಮನೆಯವರ ಫೋಟೊ; ಯಾವುದರ ಮೇಲೆ ಬೆರಳಿಟ್ಟರೂ ಅದರ ಹೆಸರು ಹೇಳುತ್ತಿತ್ತು. ಕೆಲವೇ ದಿನಗಳಲ್ಲಿ ಗುಬ್ಬಿ ಲೋಟ ಒತ್ತಿ ನೀರು ಕೇಳಿದಳು. 'ಅಮ್ಮ' ಎನ್ನುವ ತಾಯಿಯ ಫೋಟೊ ಮಾತ್ರ ಮುಟ್ಟಲಿಲ್ಲ.

ಒಂದು ದಿನ ತಾಯಿ ಹೊಲಿದ ಬಟ್ಟೆ ಕೊಟ್ಟುಬರಲು ಹೋಗಿದ್ದಾಗ ಅವಳ ಅತ್ತೆ, ಗುಬ್ಬಿಯ ಅಜ್ಜಿ, ಟ್ಯಾಬನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ನೀರನ್ನೂ ಕೊಡಲಿಲ್ಲ. ತಾಯಿ ಬಂದು ನೋಡಿದರೆ ಗುಬ್ಬಿ ಒಣಗಿದ ತುಟಿಯಲ್ಲಿ ಬೀರುವಿಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ಬೆರಳಲ್ಲೇ ಎಲ್ಲ ಸಿಕ್ಬಿಟ್ರೆ ಬಾಯಿ ಯಾಕೆ ತೆರೀತಾಳೆ? ಬಾಯಾರಿದ್ರೆ ತಾನಾಗೇ ಕೇಳ್ತಾಳೆ," ಎಂದರು ಅತ್ತೆ.

"ಕನ್ನಡಕ ಹಾಕ್ಕೊಂಡು ನಿಮ್ಮ ಕಣ್ಣು ಸೋಮಾರಿ ಆಯ್ತಾ, ಅತ್ತೆ? ಅವಳಿಗೆ ಇದೇ ಬಾಯಿ. ಬೀಗದ ಕೈ ಕೊಡಿ."

"ನನಗೇ ಬುದ್ಧಿ ಹೇಳ್ತೀಯಾ? ತಗೋ! ನಾಳೆ ನಿನ್ನ ನಾದಿನಿ ಮದುವೆ ಮಾತಾಡೋಕೆ ಬರ್ತಾರೆ. ಗುಬ್ಬಿ ಒಳಗೆ ಸುಮ್ಮನಿದ್ರೆ ಸಾಕು."

ಗಂಡ ಪೇಪರಿನ ಹಿಂದೆ ಅಡಗಿದ.

ಮರುದಿನ ಗಂಡಿನ ಕಡೆಯವರು ಬಂದರು. ನಾದಿನಿಯ ಬಾಳಿಗೆ ಕಲ್ಲು ಹಾಕಬಾರದೆಂದು ತಾಯಿಯೇ ಗುಬ್ಬಿಯ ಕೈಗೆ ಟ್ಯಾಬ್ ಕೊಟ್ಟು, ಹಿಂದಿನ ಕೋಣೆಗೆ ಚಿಲಕ ಹಾಕಿದಳು.

"ಮನೇಲಿ ಮಕ್ಕಳಿಲ್ವಾ?" ಎಂದು ಬಂದವರು ಕೇಳಿದರು.

"ಇಲ್ಲ," ಎಂದರು ಅತ್ತೆ.

ಆಗಲೇ ಒಳಗಿನಿಂದ ಟ್ಯಾಬಿನ ದನಿ ಕೇಳಿಸಿತು: "ಬಾಗಿಲು. ಅಮ್ಮ."

"ಟೀವಿ," ಎಂದು ಅತ್ತೆ ನಕ್ಕರು.

"ಅಮ್ಮ. ಬಾಗಿಲು. ಅಮ್ಮ."

ಇಷ್ಟು ವರ್ಷ ಹಂಬಲಿಸಿದ ಕರೆ ಬಂದಿತ್ತು. ದನಿ ಯಾರದೋ, ಬೆರಳು ಮಗಳದೇ. ತಾಯಿ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು.

"ಟೀವಿ ಅಲ್ಲ. ನನ್ನ ಮಗಳು ಕರೀತಿದ್ದಾಳೆ."

"ಕೂತ್ಕೋ! ಮರ್ಯಾದೆ ಕಳೀಬೇಡ," ಅತ್ತೆ ಹಲ್ಲು ಕಚ್ಚಿದರು.

"ಮಗು ಕರೆದಾಗ ಓಗೊಡದ ಮನೇಲಿ ಎಂಥ ಮರ್ಯಾದೆ ಅತ್ತೆ?"

ಅವಳು ಚಿಲಕ ತೆಗೆದು, ಗುಬ್ಬಿಯನ್ನು ಎತ್ತಿಕೊಂಡು ಬಂದು ಎಲ್ಲರ ನಡುವೆಯೇ ಕೂತಳು. ಗುಬ್ಬಿ ಮತ್ತೆ ಅದೇ ಫೋಟೊ ಒತ್ತಿದಳು.

"ಇಲ್ಲೇ ಇದ್ದೀನಿ ಕಣೇ," ಎಂದಳು ತಾಯಿ, ಎಲ್ಲರಿಗೂ ಕೇಳುವಂತೆ.