ನಡೆಯದ ಸಭೆಯ ಪತ್ರಿಕಾ ಪ್ರಕಟಣೆ

ಎಲ್ಲಿಂದ ಶುರು ಮಾಡಲಿ? 1997ರಿಂದ ಮಾಡಬಹುದು. ಕೊಪ್ಪಳ ಜಿಲ್ಲೆಯಾದ ವರ್ಷ, ಪತ್ರಿಕೆಯೊಂದು ಇಲ್ಲಿ ಆಫೀಸು ತೆರೆದು ಏಳು ಕುರ್ಚಿ ಹಾಕಿಸಿತು. ಕುರ್ಚಿಗಳು ಈಗಲೂ ಏಳಿವೆ. ಕೂರುವವಳು ವರದಿಗಾರ್ತಿ ಪಂಪಾವತಿ ಒಬ್ಬಳೇ. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಎಲ್ಲ ಅವಳ ತಲೆಯ ಮೇಲೆ. ಆದರೆ ಹೀಗೆ ಶುರು ಮಾಡಿದರೆ ನೀವು ದುಃಖಪಡುತ್ತೀರಿ, ದುಃಖಪಟ್ಟವರು ಪುಟ ಮಗುಚುತ್ತಾರೆ. ಬೇಡ.

1

ಮಂಗಳವಾರ, ಮಧ್ಯಾಹ್ನ ಮೂರೂವರೆ. ಸಚಿವರ ಪರಿಶೀಲನಾ ಸಭೆ. ಪಂಪಾವತಿ ಜಿಲ್ಲಾಧಿಕಾರಿ ಕಚೇರಿಯ ವರಾಂಡದಲ್ಲಿ ಕೂತಿದ್ದಾಳೆ. ಎರಡು ವರ್ಷದಿಂದ ವರದಿಗಾರರನ್ನು ಸಭಾಂಗಣದ ಒಳಗೆ ಬಿಡುವುದಿಲ್ಲ. ಒಳಗೆ ಏನಾಯಿತೆಂಬುದನ್ನು ವಾರ್ತಾ ಇಲಾಖೆಯ ಹನುಮಂತಪ್ಪ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾನೆ. ಆ ಗ್ರೂಪಿನಲ್ಲಿ ಅವನೊಬ್ಬನೇ ಮಾತಾಡಬಹುದು, ಉಳಿದವರು ಓದಬಹುದು.

ಪದ್ಧತಿ ಏನೆಂದರೆ, ಪ್ರಕಟಣೆ ಸಭೆಗಿಂತ ಒಂದು ತಾಸು ಮೊದಲೇ ಬರುತ್ತದೆ. ಅದರಲ್ಲಿ ಸಚಿವರು ಆಗಲೇ ಹೇಳಿರುತ್ತಾರೆ, ಸೂಚಿಸಿರುತ್ತಾರೆ, ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡಿರುತ್ತಾರೆ. ಹಿಂದೆಯೇ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬರುತ್ತವೆ. ತಿನ್ನುವುದು, ಸುದ್ದಿ ಕಳಿಸುವುದು, ಏಳುವುದು.

ಇವತ್ತು ಪ್ರಕಟಣೆ ಬಂತು, ಮಿರ್ಚಿ ಬಂತು, ಸಚಿವರು ಬರಲಿಲ್ಲ. ಕುಷ್ಟಗಿ ಕ್ರಾಸಿನಲ್ಲಿ ಯಾವುದೋ ಫೋನು ಬಂದು ಕಾರು ತಿರುಗಿಸಿಕೊಂಡು ಹೋದರಂತೆ.

"ಹನುಮಂತಪ್ಪಾರ, ಸಭಿ ಆಗಲಿಲ್ಲಲ್ರಿ. ಈಗ ಇದನ್ನ ಏನ್ ಮಾಡೋದು?"

"ಏನ್ ಮಾಡ್ತೀರಿ ಮೇಡಂ, ಹಾಕ್ರಿ. ಸಭಿ ಆಗಿದ್ರ ಅವ್ರೇನ್ ಬ್ಯಾರೆ ಹೇಳ್ತಿದ್ರೇನು?"

(ಇದಕ್ಕೆ ಉತ್ತರ ಹುಡುಕುತ್ತ ನಾನು ಎರಡು ದಿನ ಬರೆಯಲಿಲ್ಲ.)

2

ಮೊದಲ ಕರಡಿನಲ್ಲಿ ಪಂಪಾವತಿಗೆ ಒಬ್ಬ ಗಂಡನಿದ್ದ. ಕತೆಯಲ್ಲಿ ಅವನಿಗೆ ಕೆಲಸವಿರಲಿಲ್ಲ, ತೆಗೆದೆ. ಒಂದು ಗೆರೆ ಎಳೆದರೆ ಸಾಕು.

"ಪುಣ್ಯಾ ಬರ್ತೈತಿ ನಿಮಗ," ಎಂದಳು ಪಂಪಾವತಿ. "ಬುತ್ತಿ ಕಟ್ಟೋದು ತಪ್ತು."

4

(ಮೂರನೆಯದನ್ನು ಹರಿದು ಹಾಕಿದೆ. ಅದರಲ್ಲಿ ಪಂಪಾವತಿ ಸಭಾಂಗಣದ ಬಾಗಿಲು ಒದ್ದು ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡುತ್ತಿದ್ದಳು. ಒಳಗೆ ಯಾರೂ ಇರಲಿಲ್ಲ ಎಂಬುದು ಭಾಷಣ ಮುಗಿದ ಮೇಲೆ ನನಗೆ ಹೊಳೆಯಿತು.)

ಸಂಜೆ ಆರು. ಆರೂವರೆಗೆ ಜಿಲ್ಲಾ ಪುಟ ಮುಚ್ಚುತ್ತದೆ. ಪಂಪಾವತಿ ಆಫೀಸಿನಲ್ಲಿ ಕೂತು ಟೈಪು ಮಾಡಿದಳು: 'ಸಚಿವರ ಸಭೆ ನಡೆಯಲಿಲ್ಲ, ನಡೆದಂತೆ ಪ್ರಕಟಣೆ'. ಸ್ವಂತ ಕಣ್ಣಿನಿಂದ ಕಂಡ ಸುದ್ದಿ ಬರೆದು ಎಷ್ಟು ದಿನವಾಗಿತ್ತು! ಬೆನ್ನು ತಾನಾಗಿ ನೆಟ್ಟಗಾಯಿತು. ಆಗ ಗಾಳೆಮ್ಮನ ಫೋನು ಬಂತು.

ಗಾಳೆಮ್ಮ ಗಂಗಾವತಿ ಕಡೆಯ ಮರಳಿ ಊರಿನಾಚೆ, ಕಾಲುವೆ ಬದಿಯ ಒಂದು ವಲಸೆ ರೈತರ ಕ್ಯಾಂಪಿನ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಅಲ್ಲಿಯ ಶುದ್ಧ ನೀರಿನ ಘಟಕ ಕೆಟ್ಟು ಐದು ತಿಂಗಳಾಗಿದೆ. ಕಾಲುವೆಯ ನೀರು ಸೋಸಿ, ಕುದಿಸಿ ಮಕ್ಕಳಿಗೆ ಕೊಡುತ್ತಾಳೆ. ಆದರೂ ವಾರಕ್ಕೆ ನಾಲ್ಕು ಮಕ್ಕಳು ಹೊಟ್ಟೆ ಹಿಡಿದುಕೊಂಡು ಮನೆಗೆ ಹೋಗುತ್ತವೆ. ಪಂಪಾವತಿ ಅದನ್ನು ಎರಡು ಸಲ ಬರೆದಿದ್ದಳು.

"ಅಕ್ಕಾರ, ನಮ್ಮ ಸಾಲಿ ಹೆಸರು ಬಂದೈತಂತಲ್ರಿ! ಎಂಟು ದಿನದಾಗ ರಿಪೇರಿ ಮಾಡ್ರಿ ಅಂತ ಮಂತ್ರಿ ಸಾಹೇಬ್ರು ಬೈದಾರಂತ. ಮಾಸ್ತರು ಮೊಬೈಲ್ನಾಗ ಓದಿ ಹೇಳಿದ್ರು."

ಪ್ರಕಟಣೆಯ ಒಂಬತ್ತನೆಯ ಸಾಲು. ಪಂಪಾವತಿ ಅದನ್ನು ಗಮನಿಸಿರಲೇ ಇಲ್ಲ. (ಈಗಷ್ಟೇ ನಾನು ಸೇರಿಸಿದ್ದು. ಕತೆ ಬಹಳ ಸಲೀಸಾಗಿ ಮುಗಿಯುವ ಲಕ್ಷಣ ಕಾಣುತ್ತಿತ್ತು.)

"ಗಾಳೆಮ್ಮ, ಅವ್ರು ಬಂದೇ ಇಲ್ಲ. ಯಾರಿಗೂ ಬೈದಿಲ್ಲ."

"ಬೈಯಾಕ ಬರಬೇಕೇನ್ರಿ? ಪೇಪರ್ನಾಗ ಬಂದ್ರ ಸಾಕು. ಕತ್ತರಿಸಿ ಒಯ್ದು ನೀರಿನ ಇಲಾಖಿ ಎಂಜಿನಿಯರ ಟೇಬಲ್ ಮ್ಯಾಲ ಇಡ್ತೀನಿ. ಮೊಬೈಲ್ ತೋರಿಸಿದ್ರ ಅವ ನಗ್ತಾನ."

"ಸುಳ್ಳು ಆಗತೈತಿ ಅದು."

"ಯವ್ವಾ, ಎರಡು ಸಲ ಖರೇನ ಬರದ್ರಿ. ನೀರು ಬಂತೇನು?"

5

ನಿಮಗಾಗಿ ಮೂರು ಮುಕ್ತಾಯ ಬರೆದಿಟ್ಟಿದ್ದೇನೆ, ಬೇಕಾದ್ದು ಆರಿಸಿಕೊಳ್ಳಿ.

ಅ. ಪಂಪಾವತಿ ನಿಜ ಬರೆಯುತ್ತಾಳೆ. ಹನುಮಂತಪ್ಪ ಅವಳನ್ನು ಗ್ರೂಪಿನಿಂದ ತೆಗೆಯುತ್ತಾನೆ. ಆದೇಶವೇ ಆಗಿಲ್ಲವೆಂದು ಎಲ್ಲರಿಗೂ ತಿಳಿದು, ಘಟಕದ ಬೀಗ ಹಾಗೇ ತುಕ್ಕು ಹಿಡಿಯುತ್ತದೆ. ನೀವು ಅವಳನ್ನು ಮೆಚ್ಚುತ್ತೀರಿ.

ಆ. ಪ್ರಕಟಣೆಯನ್ನೇ ಕಳಿಸುತ್ತಾಳೆ. ಎಂಟನೆಯ ದಿನ ನೀರು ಬರುತ್ತದೆ. ಮುಂದಿನ ಸಭೆಯಿಂದ ಸಚಿವರು ಬರುವುದನ್ನೇ ಬಿಡುತ್ತಾರೆ. ನೀವು ಅವಳನ್ನು ಕ್ಷಮಿಸುತ್ತೀರಿ.

ಇ. ಕರೆಂಟು ಹೋಗುತ್ತದೆ. (ಕತೆಗಾರರಿಗೆ ಏನೂ ತೋಚದಾಗ ಯಲಬುರ್ಗಾದಿಂದ ಕಾರಟಗಿಯವರೆಗೆ ಕರೆಂಟು ಹೋಗುತ್ತದೆ. ಯಾರೂ ಅನುಮಾನಪಡುವುದಿಲ್ಲ.)

ಪಂಪಾವತಿ ಮೂರನ್ನೂ ಓದಿ ಕನ್ನಡಕ ತೆಗೆದಳು.

"ಮೂರರಾಗೂ ನಾ ಎಂಜಿನಿಯರಗ ಒಂದು ಫೋನ್ ಮಾಡಂಗಿಲ್ಲಲ್ರಿ? ವರದಿಗಾರ್ತಿ ಅದೀನಿ ನಾ. ಆ ಕಡಿ ಮಂದೀನ ಕೇಳದ ಹೆಂಗ ಬರೀಲಿ? ಇಷ್ಟೂ ಗೊತ್ತಿಲ್ಲದ ನನ್ನ ಕತಿ ಬರೀಲಿಕ್ಕೆ ಹತ್ತೀರಿ."

ನನಗೆ ನಾಚಿಕೆಯಾಯಿತು. ನಂಬರು ಕೊಟ್ಟೆ.

ಆರು ಇಪ್ಪತ್ತೆರಡು. ಎಂಜಿನಿಯರು ಫೋನೆತ್ತಿದರು. ಪಂಪಾವತಿ ಒಂಬತ್ತನೆಯ ಸಾಲನ್ನು ಓದಿ ಹೇಳಿ, ಕೇಳಿದಳು: "ಹಿಂಗಂತ ನಿಮಗ ಆದೇಶ ಬಂದೈತೇನ್ರಿ ಸರ್?"

ಆ ಕಡೆ ಯಾರೋ ಬಾಗಿಲು ಮುಚ್ಚಿದ ಸದ್ದು.

"ನೀವ ಹೇಳ್ರಿ ಮೇಡಂ. ನಾಳಿ ಪೇಪರ್ನಾಗ ಬರ್ತೈತೇನು?"

"ಅದು ನೀವು ಏನ್ ಹೇಳ್ತೀರಿ ಅನ್ನೋದರ ಮ್ಯಾಲ ಐತ್ರಿ."

"ನಂದು ನಿಮ್ಮ ಮ್ಯಾಲ ಐತಲ್ರಿ! ಬಂದ್ರ ಆದೇಶ ಆಗೇತಿ ಅಂತ ತಿಳಕೊಂಡು ಮುಂಜಾನೆನ ಮೆಕ್ಯಾನಿಕ್‌ನ ಕಳಸ್ತೀನಿ. ಸಾಮಾನು ಬಂದು ಕುಂತೈತಿ, ಮಾಡ್ರಿ ಅನ್ನೋರಿಲ್ಲ. ಬರದಿದ್ರ ಆಗಿಲ್ಲ. ಈಗ ಹೇಳ್ರಿ, ಆಗೇತೋ ಇಲ್ಲೋ?"

ಪಂಪಾವತಿ ಫೋನಿನ ಮೇಲೆ ಅಂಗೈ ಮುಚ್ಚಿ ನನ್ನತ್ತ ತಿರುಗಿದಳು. ಇಷ್ಟು ಹೊತ್ತು ನನ್ನ ಒಂದು ಮಾತನ್ನೂ ಕೇಳದವಳು.

"ಏನಂತ ಹೇಳ್ಲಿ?"

ಸುಳ್ಳು ಹೇಳುವುದು ನನ್ನ ಕಸುಬು. ಹೌದು ಎನ್ನಲು ಎಷ್ಟು ಹೊತ್ತು ಬೇಕು? ಇಲ್ಲ ಎನ್ನಲೂ ಅಷ್ಟೇ ಹೊತ್ತು. ಎರಡನ್ನೂ ಬರೆದು ನೋಡಿದೆ, ಎರಡನ್ನೂ ಹೊಡೆದು ಹಾಕಿದೆ.

ಆರು ಇಪ್ಪತ್ತೆಂಟು.

"ಲೈನ್ನಾಗ ಇರ್ರಿ ಸರ್," ಎಂದಳು.

ಅವರು ಇನ್ನೂ ಇದ್ದಾರೆ.